ಟೇಕಲ್ ಸ್ಟೇಷನ್ನಿನಲ್ಲಿ ಕಾಶಿಯಾತ್ರೆ

ಢಣ್, ಢಣ್, ಢಣ್. ಟೇಕಲ್ ಸ್ಟೇಷನ್ನಿನ ಬೇವಿನ ಮರಕ್ಕೆ ಒಂದು ತುಂಡು ರೈಲುಕಂಬಿಯನ್ನು ತೂಗುಹಾಕಿದ್ದರು. ಗಾಡಿ ಹಿಂದಿನ ಸ್ಟೇಷನ್ನು ಬಿಟ್ಟಿತೆಂದರೆ ಪೋರ್ಟರು ಅದನ್ನು ಸುತ್ತಿಗೆಯಿಂದ ಬಾರಿಸುತ್ತಿದ್ದ. ಆ ಸದ್ದು ಬೆಟ್ಟದ ಬಂಡೆಗಳಿಗೆ ಬಡಿದು, ಸ್ವಲ್ಪ ಯೋಚನೆ ಮಾಡಿ, ವಾಪಸ್ಸು ಬರುತ್ತಿತ್ತು. ಒಂದು ಮದುವೆಯನ್ನು ಹೆಚ್ಚುಕಡಿಮೆ ಮುರಿದೇಬಿಟ್ಟಿದ್ದ ಸದ್ದು ಅದು.

ಅದಕ್ಕೆ ಮೊದಲು ನಿಮಗೊಂದು ಮಾತು. ಹೊರಡುತ್ತೇನೆಂದು ಎದ್ದು ನಿಲ್ಲುವವರಲ್ಲಿ ನಿಜವಾಗಿ ಹೊರಡುವವರು ಎಷ್ಟು ಮಂದಿ? ಬಾಗಿಲವರೆಗೆ ಹೋಗಿ ಚಪ್ಪಲಿ ಹುಡುಕುವ ನೆಪದಲ್ಲಿ ತಡಮಾಡುವುದು, ಗೇಟಿನ ಬಳಿ ಮತ್ತೊಂದು ಸುದ್ದಿ ತೆಗೆಯುವುದು, ಇವೆಲ್ಲ "ಇರ್ರೀ, ಊಟ ಮಾಡ್ಕೊಂಡು ಹೋಗಿ" ಅನ್ನಿಸಿಕೊಳ್ಳುವುದಕ್ಕೇ. ನಾನೂ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದಾಗ ಒಮ್ಮೆ ಮುನಿಸಿಕೊಂಡು, ಟ್ರಂಕು ಎಳೆದುಕೊಂಡು ಹೋಗಿ ಸಿಸ್ಟರ್ ಮುಂದೆ ನಿಂತು, "ಐ ಆಮ್ ಲೀವಿಂಗ್" ಎಂದಿದ್ದೆ. ಆಕೆ ಹೆಣಿಗೆಯಿಂದ ತಲೆ ಎತ್ತದೆ, "ವೆರಿ ವೆಲ್, ಚೈಲ್ಡ್. ಡೂ ಶಟ್ ದ ಡೋರ್" ಎಂದರು. ಬಾಗಿಲು ಮುಚ್ಚಿಕೊಂಡು, ಅದೇ ಬಾಗಿಲ ಆಚೆ, ಟ್ರಂಕಿನ ಮೇಲೆ ಕೂತು, ಸಪ್ಪರ್ ಗಂಟೆ ಹೊಡೆದಾಗ ನಾಚಿಕೆಯಿಲ್ಲದೆ ಒಳಗೆ ಹೋಗಿ ಊಟ ಮಾಡಿದೆ.

ನಮ್ಮ ಹಿರಿಯರಿಗೆ ಮನುಷ್ಯರ ಈ ದೌರ್ಬಲ್ಯ ಚೆನ್ನಾಗಿ ಗೊತ್ತಿತ್ತು. ಅದನ್ನೇ ಮದುವೆಯಲ್ಲಿ ಒಂದು ಶಾಸ್ತ್ರ ಮಾಡಿಟ್ಟರು. ವರನಿಗೆ ಇದ್ದಕ್ಕಿದ್ದಂತೆ ವೈರಾಗ್ಯ ಬರುತ್ತದೆ. ಛತ್ರಿ, ಕೋಲು, ಬೀಸಣಿಗೆ, ಕಂಕುಳಲ್ಲೊಂದು ಪುಸ್ತಕ, ಇಷ್ಟನ್ನು ಹಿಡಿದು ಕಾಶಿಗೆ ಹೊರಡುತ್ತಾನೆ. ವೈರಾಗ್ಯಕ್ಕೆ ಕಣ್ಣಿಗೆ ಕಾಡಿಗೆ, ಕೆನ್ನೆಗೆ ದೃಷ್ಟಿಬೊಟ್ಟು ಯಾಕೆ ಎಂದು ನೀವು ಕೇಳಬಾರದು. ಹೆಣ್ಣಿನ ತಂದೆ ಅಡ್ಡಬಂದು, ತೆಂಗಿನಕಾಯಿ ಕೊಟ್ಟು, "ಕಾಶಿ ಯಾಕಪ್ಪಾ, ನನ್ನ ಮಗಳನ್ನು ಕೊಡುತ್ತೇನೆ, ಬಾ" ಎನ್ನುತ್ತಾರೆ. ವೈರಾಗ್ಯ ಅಲ್ಲಿಗೆ ಫಿನಿಷ್. ಇಬ್ಬರಿಗೂ ಡೈಲಾಗ್ ಗೊತ್ತಿರುವ ನಾಟಕ. ಆದರೆ ಅಡ್ಡಬರಬೇಕಾದವರೇ ಬರದಿದ್ದರೆ?

ರುಕ್ಕುವಿನ ಮದುವೆಯಲ್ಲಿ ಆದದ್ದು ಅದೇ. ರುಕ್ಕು ನನ್ನ ಚಿಕ್ಕಂದಿನ ಗೆಳತಿ. ಮಾಲೂರಿನಲ್ಲಿ ನಮ್ಮದು ಒಂದೇ ಗೋಡೆಯ ಮನೆಗಳು. ಆಮೇಲೆ ಅವರಪ್ಪ ರಾಯರು ಶಾನುಭೋಗಿಕೆ ಸಿಕ್ಕಿ ಟೇಕಲ್ಲಿಗೆ ಹೋದರು, ನಾನು ಬೋರ್ಡಿಂಗಿಗೆ ಹೋದೆ. ಯುದ್ಧದ ಕಾಲ. ಅವಳಿಗೆ ಬಂದ ಎರಡು ಸಂಬಂಧಗಳು ಮಾತುಕತೆಯಲ್ಲೇ ಮುರಿದಿದ್ದವು. ಮೂರನೆಯದು ಶ್ರೀನಿವಾಸಪುರದ ಮಾವಿನ ತೋಟದವರ ಮಗ, ರಾಘವ. ಹೆಣ್ಣು ನೋಡಲು ಬಂದಾಗ ಎಲ್ಲರೂ ಹಾಡು ಹಾಡು ಎಂದು ಇವಳನ್ನು ಪೀಡಿಸುತ್ತಿದ್ದರೆ, "ಅವರಿಗೆ ಇಷ್ಟವಿಲ್ಲದಿದ್ದರೆ ಬೇಡ ಬಿಡಿ" ಎಂದವನು ಅವನೊಬ್ಬನೇ. ಆ ಒಂದು ಮಾತಿಗೆ ನಮ್ಮ ರುಕ್ಕು ಕ್ಲೀನ್ ಬೌಲ್ಡ್.

ಟೇಕಲ್ಲಿನ ಪದ್ಧತಿಯಲ್ಲಿ ಕಾಶಿಗೆ ಹೊರಟ ವರ ಆಂಜನೇಯನ ಗುಡಿಯ ದಾರಿ ಹಿಡಿಯಬೇಕು. ರಾಯರು ಓಲಗದವರನ್ನೂ ಕರೆದುಕೊಂಡು, ತೆಂಗಿನಕಾಯಿ ಹಿಡಿದು ಅಲ್ಲಿ ನಿಂತರು. ಗಂಡಿನ ಕಡೆಯವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅವರು ಬಿಡದಿಯ ಮನೆಯಿಂದ ಹೊರಟವರು, ಕಾಶಿಗೆ ಹೋಗುವುದು ರೈಲಿನಲ್ಲಲ್ಲವೇ ಎಂದು ನೆಟ್ಟಗೆ ಸ್ಟೇಷನ್ ರಸ್ತೆ ಹಿಡಿದರು. ಈಗ ಅಡ್ಡಬರುತ್ತಾರೆ, ಇನ್ನೊಂದು ಹೆಜ್ಜೆಗೆ ಬರುತ್ತಾರೆ ಎಂದುಕೊಳ್ಳುತ್ತ ಪ್ಲಾಟ್‌ಫಾರಂ ಮುಟ್ಟಿದರು. ತಾವಾಗಿ ಹಿಂದಿರುಗುವಂತಿಲ್ಲ, ಅದು ಮರ್ಯಾದೆಯ ಪ್ರಶ್ನೆ. ವರನ ಸೋದರಮಾವ ಬೆಂಚಿನ ಮೇಲೆ ಕೂತು ಹೇಳಿಕಳಿಸಿದರು: "ಹೆಣ್ಣಿನ ತಂದೆ ಬಂದು ಕರೆಯೋವರೆಗೂ ಏಳಲ್ಲ." ಗುಡಿಯಿಂದ ಉತ್ತರ ಬಂತು: "ನಮ್ಮ ಪದ್ಧತಿ ಇರೋದು ಇಲ್ಲಿ. ಅವರೇ ಬರಲಿ." ಪುರೋಹಿತರು ಪೋಸ್ಟ್‌ಮ್ಯಾನಿನಂತೆ ಎರಡೂ ಕಡೆಗೆ ಓಡಾಡಿ ಬೆವೆತರು. ಮುಹೂರ್ತ ಹತ್ತಿರವಾಗುತ್ತಿತ್ತು.

ಒಳಕೋಣೆಯಲ್ಲಿ ಮೊಗ್ಗಿನ ಜಡೆ ಹಾಕಿಕೊಂಡು ಕೂತಿದ್ದ ರುಕ್ಕು ನನ್ನ ಕೈ ಹಿಡಿದಳು.

"ಲೇ, ನೀನು ಹೋಗೇ. ನಾನು ಕರೀತಾ ಇದೀನಿ ಅಂತ ಹೇಳು."

"ನೀನಾ? ಅಪ್ಪ ತಾನೇ ಕರೀಬೇಕು?"

"ಮದುವೆ ಆಗ್ತಿರೋದು ಅಪ್ಪನಿಗೇನೇ? ಇದೂ ಮುರಿದುಹೋದ್ರೆ ನಾನು ಇನ್ನೊಬ್ಬರ ಮುಂದೆ ಕೂತ್ಕೊಳ್ಳಲ್ಲ ಕಣೇ. ಹೋಗು, ನೀನು ಇಂಗ್ಲಿಷ್ ಓದಿದೋಳು, ನಾಚಿಕೆ ಕಮ್ಮಿ."

ಆ ಸರ್ಟಿಫಿಕೇಟು ತೆಗೆದುಕೊಂಡು ಹಿತ್ತಲ ಬಾಗಿಲಿಂದ ಓಡಿದೆ. ರೇಷ್ಮೆ ಲಂಗವನ್ನು ಮೊಣಕಾಲವರೆಗೆ ಎತ್ತಿ ಹಿಡಿದು, ಅರ್ಧ ಟೇಕಲ್ಲು ನೋಡುತ್ತಿರುವಂತೆ. ಸ್ಟೇಷನ್ನಿನಲ್ಲಿ ವರ ಹೊಸ ಚಪ್ಪಲಿ ಕಚ್ಚಿದ ಪಾದವನ್ನು ನೀವಿಕೊಳ್ಳುತ್ತ ಕೂತಿದ್ದ. ಸ್ಟೇಷನ್ ಮಾಸ್ಟರು ಅತಿ ವಿನಯದಿಂದ, "ಕಾಶಿಗೆ ಇಲ್ಲಿ ಟಿಕೆಟ್ ಕೊಡೋಲ್ಲ ಸ್ವಾಮಿ, ಬೌರಿಂಗ್‌ಪೇಟೆಲಿ ವಿಚಾರಿಸಿ" ಎನ್ನುತ್ತಿದ್ದರು. ಸರಿಯಾಗಿ ಆಗಲೇ ಢಣ್ ಢಣ್ ಎಂದಿತು ಕಂಬಿ. ಸೋದರಮಾವ ಎದ್ದೇಬಿಟ್ಟರು. "ಏಳೋ ರಾಘೂ. ಈ ಗಾಡೀಲಿ ಬೌರಿಂಗ್‌ಪೇಟೆ, ಅಲ್ಲಿಂದ ಸಣ್ಣ ಗಾಡಿ ಹಿಡಿದ್ರೆ ಮನೆ. ಸಾಕು ಇವರ ಸಂಬಂಧ."

ನಾನು ಮಧ್ಯೆ ನುಗ್ಗಿದೆ. ಅಷ್ಟೂ ಗಂಡಸರನ್ನು ನೋಡಿದ್ದೇ ತಡ, ಕನ್ನಡವೆಲ್ಲ ಮರೆತುಹೋಯಿತು. "ಎಕ್ಸ್‌ಕ್ಯೂಸ್ ಮಿ ಸರ್, ಪ್ಲೀಸ್ ಕಮ್ ಹೋಮ್" ಎಂದೆ. ನಕ್ಕ ಪೋರ್ಟರಿಗೆ ಇಂಗ್ಲಿಷ್ ಬರುತ್ತಿತ್ತೋ ಏನೋ!

"ಯಾರಮ್ಮ ನೀನು?" ಎಂದರು ಸೋದರಮಾವ.

"ರುಕ್ಕು ಕರೀತಾ ಇದಾಳೆ" ಎಂದೆ. ಅಷ್ಟೇ ಬಂತು.

"ಹುಡುಗಿ ಕರೆಯೋದಾ? ಇದೇಮಿ ಪೆಳ್ಳಿ!" ಅವರ ಸಿಟ್ಟು ತೆಲುಗಿಗೆ ತಿರುಗಿತು. ಇದೆಂಥ ಮದುವೆ ಎಂದರ್ಥ. ನಮ್ಮ ಸೀಮೆಯಲ್ಲಿ ಜಗಳ ತೆಲುಗಿನಲ್ಲಿ, ರಾಜಿ ಕನ್ನಡದಲ್ಲಿ.

ವರ ನನ್ನನ್ನೇ ನೋಡಿದ. "ಅವಳೇ ಹೇಳಿದಳಾ?"

"ಅವಳೇ."

ಅವನು ಛತ್ರಿ ಮಡಚಿದ. ಚಪ್ಪಲಿಗಳನ್ನು ಕೈಗೆ ತೆಗೆದುಕೊಂಡ. "ಕರೆಯೋರು ಕರೆದಾಯ್ತಲ್ಲ ಮಾವ" ಎಂದವನೇ ಬರಿಗಾಲಲ್ಲಿ, ಸ್ವಲ್ಪ ಕುಂಟುತ್ತ, ಊರಿನ ಕಡೆಗೆ ನಡೆದ. ಗಾಡಿ ಬಂತು, ನಿಂತಿತು, ಯಾರೂ ಹತ್ತದೆ ಹೋಯಿತು. ಗಾಡಿಯ ಸದ್ದಿಗೆ ಗಾಬರಿಯಾಗಿ ಗುಡಿಯಿಂದ ಓಡಿಬಂದ ರಾಯರು ಚೌಕದಲ್ಲಿ ಏದುಸಿರು ಬಿಡುತ್ತ ಎದುರಾದರು, ತೆಂಗಿನಕಾಯಿ ಕೊಟ್ಟು ತಮ್ಮ ಡೈಲಾಗನ್ನೆಲ್ಲ ಹೇಳಿದರು. ಅವನು ಪೊಲೈಟಾಗಿ ಪೂರ್ತಿ ಕೇಳಿಸಿಕೊಂಡ.

ಮದುವೆಯಾಯಿತು. "ಗಂಡನ್ನು ಕೂಗಿ ಕರೆದವಳು" ಎಂಬ ಬಿರುದು ರುಕ್ಕುವಿಗೆ ಅತ್ತೆಮನೆಯಲ್ಲಿ ಎಷ್ಟೋ ಕಾಲ ಉಳಿಯಿತು. ಅವಳೇನೂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಶ್ರೀನಿವಾಸಪುರದ ಕಡೆ ಹೋದವಳು ಅವರ ತೋಟಕ್ಕೆ ಹೋಗಿದ್ದೆ. ಕಾಯಿ ಕೀಳುವ ಕಾಲ. ರುಕ್ಕುವಿನ ತಲೆಯೂ ನನ್ನ ತಲೆಯೂ ಬೆಳ್ಳಗಾಗಿತ್ತು, ಇಬ್ಬರೂ ಹುಡುಗಿಯರಂತೆ ನಕ್ಕೆವು. ಬಸ್ಸಿನ ಹೊತ್ತಾಯಿತು. ರಾಘವಯ್ಯ ತೋಟದ ಆ ತುದಿಯಲ್ಲಿ, ಮರಗಳ ಕೆಳಗೆ ನಿಂತಿದ್ದರು.

"ಕರೆಯೇ ಅವರನ್ನ, ಹೇಳಿ ಹೋಗ್ತೀನಿ."

"ಕರೆದರೆ ಎಲ್ಲಿ ಕೇಳುತ್ತೆ ಅವರಿಗೆ! ಕಿವಿ ಪೂರಾ ಹೋಗಿದೆ ಕಣೇ. ನಾನೇ ಹೋಗಿ ಕರ್ಕೊಂಡ್ ಬರ್ತೀನಿ. ಬಸ್ಸು ಬಂದ್ರೂ ಹತ್ತಬೇಡ, ಇರು."

ಮಂಡಿ ಹಿಡಿದುಕೊಂಡು, ಮರದಿಂದ ಮರಕ್ಕೆ ಕೈಯೂರುತ್ತ ಹೋದಳು. ಹಿಂದಿನಿಂದ ಹೋಗಿ ಅವರ ಭುಜ ಮುಟ್ಟಿದ್ದು ಕಾಣಿಸಿತು. ಅವರು ತಿರುಗಿದರು. ಯಾಕೆ, ಏನು ಎಂದು ಕೇಳಿದಂತೆ ಕಾಣಲಿಲ್ಲ, ಸುಮ್ಮನೆ ಅವಳ ಜೊತೆ ಹೊರಟರು. ಅಷ್ಟರಲ್ಲಿ ಬಸ್ಸು ಬಂತು. "ಇದೇ ಕೊನೇ ಬಸ್ಸು, ಹತ್ತಮ್ಮಾ" ಎಂದ ಕಂಡಕ್ಟರು. ಒನ್ ಮಿನಿಟ್, ಒನ್ ಮಿನಿಟ್ ಎನ್ನುತ್ತಲೇ ಹತ್ತಿದೆ.

ಹಿಂದಿನ ಕಿಟಕಿಯಿಂದ ನೋಡಿದೆ. ನಾನು ಅವರನ್ನು ನೋಡಿದ್ದು ಅದೇ ಕಡೆಯ ಸಲ. ತಿರುವಿನಲ್ಲಿ ಮರೆಯಾಗುವವರೆಗೂ, ಒಬ್ಬರ ಕೈ ಒಬ್ಬರು ಹಿಡಿದು, ಇಬ್ಬರೂ ನನ್ನ ಕಡೆಗೇ ಬರುತ್ತಿದ್ದರು.