ಕಣ್ಣಿನ ಕೆಳಗಿನ ಚೀಲ

ನಮ್ಮ ಎಮ್ಮೆಯ ಕಣ್ಣಿನ ಕೆಳಗೆ ಚರ್ಮ ಜೋತು ಬಿದ್ದಿದೆ. ಅದಕ್ಕಾಗಿ ಅದರ ಹಾಲನ್ನು ಯಾರೂ ಬೇಡ ಎಂದಿಲ್ಲ. ನನ್ನ ಕಣ್ಣಿನ ಕೆಳಗೂ ಎರಡು ಚೀಲಗಳಿವೆ. ಒಂದೊಂದರಲ್ಲಿ ಪಾವು ಅಕ್ಕಿ ಹಿಡಿಯುತ್ತದೆ ಎಂದು ಮೊಮ್ಮಕ್ಕಳು ನಗುತ್ತವೆ. ನಗಲಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ವಯಸ್ಸು ಯಾವುದು, ಕಾಯಿಲೆ ಯಾವುದು ಎನ್ನುವಷ್ಟು ನನಗೆ ಗೊತ್ತು.

ಜಯಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ನನ್ನ ತಂಗಿಯ ಮಗ ರುದ್ರೇಶನಿಗೆ ಈ ಚೀಲ ನಲವತ್ತಕ್ಕೇ ಬಂತು. ಹೆಣ್ಣು ಮಾತ್ರ ಬರಲಿಲ್ಲ. ಮೊಬೈಲು ಬಂದ ಈ ಕಾಲದಲ್ಲಿ ನಮ್ಮ ಕಡೆ ಹೆಣ್ಣು ನೋಡುವುದು ಹೋಗಿ ಗಂಡು ನೋಡುವುದು ಶುರುವಾಗಿದೆ. ನನ್ನನ್ನು ನೋಡಲು ಬಂದವರು ನಡೆಸಿ ನೋಡಿದ್ದರು, ಜಡೆ ಎಳೆದು ನೋಡಿದ್ದರು. ಹಲ್ಲು ಎಣಿಸುವುದೊಂದು ಬಾಕಿ ಇತ್ತು. ಈಗ ಗಂಡಸರ ಸರದಿ ಬಂತಲ್ಲ ಎಂದು ಮೊದಮೊದಲು ನನಗೆ ಒಳಗೊಳಗೇ ಖುಷಿಯಾದದ್ದೂ ನಿಜ. ಆದರೆ ಒಂದು ಮನೆಯವರು ರುದ್ರೇಶನ ಎದುರಿಗೇ, "ಇವರು ಚಿಕ್ಕಪ್ಪನಾ? ಹುಡುಗ ಎಲ್ಲಿ?" ಎಂದು ಕೇಳಿದಾಗ ಆ ಖುಷಿ ಇಳಿದುಹೋಯಿತು.

ಮುಂದಿನ ವಾರವೇ ಅವನು ಮಂಗಳೂರಿಗೆ ಹೋಗಿ ಆ ಚೀಲಗಳನ್ನು ಕುಯ್ಯಿಸಿಕೊಂಡು, ಕರಿಕನ್ನಡಕ ಹಾಕಿಕೊಂಡು ಬಂದ. ನಾಚಿಕೆಗೆ, ಕೇಳಿದವರಿಗೆಲ್ಲ "ಪೊರೆ ತೆಗೆಸಿದೆ" ಎಂದುಬಿಟ್ಟ. ಜಯಪುರದಲ್ಲಿ ಬಸ್ಸು ಹತ್ತಿದ ಮಾತು ಕೊಪ್ಪದಲ್ಲಿ ಇಳಿಯುವಾಗ ಬೆಳೆದಿರುತ್ತದೆ. ನರಸಿಂಹರಾಜಪುರ ಮುಟ್ಟುವಷ್ಟರಲ್ಲಿ ಅವನ ಎರಡು ಕಣ್ಣೂ ಹೋಗಿದ್ದವು. ಅಲ್ಲಿ ಅಂಗನವಾಡಿ ಟೀಚರಾಗಿರುವ ಪುಷ್ಪಳ ಜೊತೆ ಅವನ ಮದುವೆಯ ಮಾತುಕತೆ ಆಗಷ್ಟೇ ಕುದುರಿತ್ತು. ಅವಳಪ್ಪ ಹೇಳಿ ಕಳಿಸಿದರು: ಕುರುಡನಿಗೆ ಮಗಳನ್ನು ಕೊಡುವುದಿಲ್ಲ.

"ರೋಗ ಇಲ್ಲದ ಜಾಗಕ್ಕೆ ಎಂತಕ್ಕೆ ಕತ್ತಿ ಹಾಕ್ಸಿದೆ ಮಾರಾಯ?" ಎಂದು ರುದ್ರೇಶನಿಗೆ ಬೈದೆ.

"ಅವತ್ತು ಚಿಕ್ಕಪ್ಪ ಅಂದ್ರಲ್ಲ ದೊಡ್ಡಮ್ಮ. ಆಮೇಲೆ ಕನ್ನಡೀಲಿ ನಂಗೂ ಚಿಕ್ಕಪ್ಪನೇ ಕಾಣ್ತಿದ್ದ."

ಜನ ಚಂದ ಕಾಣುವ ಆಸೆಗೆ ಮುಖ ಕುಯ್ಯಿಸಿಕೊಳ್ಳುತ್ತಾರೆ ಎಂದು ಪೇಪರಿನಲ್ಲಿ ಬರುತ್ತದಂತೆ. ಸುಳ್ಳು. ಯಾರೋ ಬಂದು, ಉಪ್ಪಿಟ್ಟು ತಿಂದು, ಒಂದು ಮಾತು ಎಸೆದು ಹೋಗಿರುತ್ತಾರೆ. ಎಸೆದವರು ಮನೆಗೆ ಹೋಗಿ ಹಾಯಾಗಿ ಮಲಗುತ್ತಾರೆ, ತಗುಲಿಸಿಕೊಂಡವನು ಆಸ್ಪತ್ರೆಯಲ್ಲಿ ಮಲಗುತ್ತಾನೆ. ಕುಯ್ಯಬೇಕಾದ ನಾಲಿಗೆ ಒಂದು ಕಡೆ, ಕುಯ್ಯಿಸಿಕೊಳ್ಳುವ ಮುಖ ಇನ್ನೊಂದು ಕಡೆ. ಓದಿದ ಡಾಕ್ಟರಾದರೂ, "ನಿನಗೇನೂ ಆಗಿಲ್ಲ, ಮನೆಗೆ ಹೋಗು" ಎನ್ನಬಾರದಿತ್ತೆ?

ನಾನೇ ಬಸ್ಸು ಹತ್ತಿ ನರಸಿಂಹರಾಜಪುರಕ್ಕೆ ಹೋಗಿ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಪುಷ್ಪಳ ಅಪ್ಪ ಎಲೆಯಡಿಕೆ ಉಗಿದು ಬಂದು ನಕ್ಕರು. "ಮದುವೆಗೋಸ್ಕರ ಮುಖ ಕುಯ್ಸಿಕೊಂಡನಾ? ಗಂಡಸಾ ಅವ?"

ನನ್ನ ಬಾಯಲ್ಲಿ ಉತ್ತರ ಸಿದ್ಧವಿತ್ತು, ಒಳ್ಳೆಯದಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಪುಷ್ಪಳೇ ಕೇಳಿದಳು. "ನನ್ನ ಮೂಗು ಸರಿ ಮಾಡ್ಸಕ್ಕೆ ಆಗ್ತದಾ ಅಂತ ಶಿವಮೊಗ್ಗದ ಡಾಕ್ಟ್ರನ್ನ ನೀವು ಕೇಳಿದ್ದು ಎಂತಕ್ಕೆ ಅಪ್ಪಯ್ಯ?"

ಅವರು ಮತ್ತೆ ಉಗಿಯಲು ಎದ್ದು ಹೋದರು. ಬಾಯಲ್ಲಿ ಎಲೆಯಡಿಕೆ ಇರಲಿಲ್ಲ.

"ಅವರಿಗೆ ಈಗ ನೋವುಂಟಾ?" ಎಂದು ಪುಷ್ಪ ನನ್ನನ್ನು ಕೇಳಿದಳು.

"ಉಂಟು."

"ವಾಸಿಯಾದ್ಮೇಲೆ ಬರಕ್ಕೆ ಹೇಳಿ. ಇನ್ನೊಂದ್ಸಲ ಕುಯ್ಸಿಕೊಂಡ್ರೆ ಮಾತ್ರ ನಂಗೆ ಬೇಡ."

ರುದ್ರೇಶ ಜಯಪುರದ ಬಸ್‌ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದ. "ಎಂತ ಅಂದ್ಳು? ಮುಖ ಹ್ಯಾಗಾಗಿದೆ ಅಂತ ಕೇಳಿದ್ಳಾ?"

"ಇಲ್ಲ. ನೋವುಂಟಾ ಅಂತ ಕೇಳಿದ್ಳು."

ಅವನ ಕನ್ನಡಕದ ಕೆಳಗಿನಿಂದ ನೀರು ಇಳಿಯಿತು. "ಹೊಲಿಗೆ ಹಸಿ ಉಂಟು, ಅಳಬೇಡ ಮಾರಾಯ" ಎಂದು ಸೆರಗು ಎತ್ತಿದವಳು, ಎಲ್ಲಿ ಒರೆಸಿದರೆ ಉರಿಯುವುದಿಲ್ಲವೋ ತಿಳಿಯದೆ, ಹಾಗೇ ಹಿಡಿದುಕೊಂಡು ನಿಂತೆ.