ಇಮಾಮಸಾಬ ಇಟ್ಟುಕೊಂಡ ಲೆನ್ಸು

ಮದುವೆಗೆ ಗುಲಬರ್ಗಾದ ದೊಡ್ಡ ಸ್ಟುಡಿಯೋದವರು, ಸಾವಿಗೆ ಇಮಾಮಸಾಬ. ಎಂಬತ್ತರ ದಶಕದಲ್ಲಿ ಜೇವರ್ಗಿ ಸುತ್ತಿನ ಹಳ್ಳಿಗಳಲ್ಲಿ ಇದು ಯಾರೂ ಬರೆದಿಡದ ಕಾಯಿದೆಯಾಗಿತ್ತು. ಲಿಂಗವಂತ ಶರಣರ ಮನೆಗಳಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ ನೋಡಿ. ಮೈ ತೊಳೆದು, ಹಣೆತುಂಬ ವಿಭೂತಿ ಬಳಿದು, ಹೂಮಾಲೆ ಹಾಕಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಸುತ್ತ ಮನೆಮಂದಿ ಕೂತು ಒಂದು ಫೋಟೋ ತೆಗೆಸುತ್ತಾರೆ. ಎಷ್ಟೋ ಮಂದಿಗೆ ಜೀವಮಾನದ ಮೊದಲ ಫೋಟೋವೂ ಅದೇ, ಕೊನೆಯದೂ ಅದೇ.

"ಅವರಷ್ಟು ಚಲೋ ಗಿರಾಕಿ ಯಾರಿಲ್ಲ ಬಿಡು, ಅಲುಗಾಡಂಗೇ ಇಲ್ಲ" ಎಂದು ಇಮಾಮಸಾಬ ಮನೆಯಲ್ಲಿ ನಗೆಯಾಡುತ್ತಿದ್ದ. ಹೆಂಡತಿ ಚಮನಬಿ, "ನಾಲಿಗಿಗೆ ಹುಳ ಬೀಳ್ತಾವ, ಸುಮ್ನಿರ್ರಿ" ಎನ್ನುತ್ತಿದ್ದಳು. ಆದರೆ ಒಳಗೊಳಗೆ ಅವನಿಗೆ ತನ್ನ ಫೋಟೋಗಳ ಮೇಲೆಯೇ ಸಿಟ್ಟಿತ್ತು. ಫ್ಲ್ಯಾಶ್ ಹೊಡೆದರೆ ವಿಭೂತಿ ಫಳಕ್ಕೆಂದು ಹೊಳೆದು, ಸತ್ತವರ ಮುಖ ಸುಣ್ಣ ಬಳಿದ ಗೋಡೆಯಾಗುತ್ತಿತ್ತು. ಬದುಕಿದ್ದವರು ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಕಣ್ಣು ಬಿಟ್ಟಿರುತ್ತಿದ್ದರು. ಫ್ಲ್ಯಾಶ್ ಇಲ್ಲದೆ, ಪಡಸಾಲೆಯ ಬಾಗಿಲಿನಿಂದ ಬರುವ ಬೆಳಕಿನಲ್ಲೇ ತೆಗೆಯಬೇಕೆಂಬುದು ಅವನ ಬಹುದಿನದ ಆಸೆ. ಅದಕ್ಕೆ ಬಾಯಿ ಅಗಲವಿರುವ ಲೆನ್ಸು ಬೇಕು.

ಸೋಲಾಪುರದ ಒಬ್ಬ ಹಳೆಯ ವ್ಯಾಪಾರಿ ಎರಡು ಲೆನ್ಸು ತೆಗೆದಿಟ್ಟ. ಎರಡೂ ಐವತ್ತು ಎಂ.ಎಂ.ನವೇ. ಒಂದರ ಮೂತಿಯ ಮೇಲೆ ೧.೮ ಎಂದಿತ್ತು, ಇನ್ನೊಂದರ ಮೇಲೆ ೧.೪. ಆ ಅಂಕಿ ಸಣ್ಣದಾದಷ್ಟೂ ಬಾಯಿ ದೊಡ್ಡದು, ಒಳಗೆ ಬರುವ ಬೆಳಕು ಹೆಚ್ಚು. ೧.೪ರ ದೊಡ್ಡದು ತೂಕವಾಗಿ, ತುಟ್ಟಿಯಾಗಿ, ಕೈತುಂಬ ಇತ್ತು. ಸಣ್ಣದು ಹಗುರ, ನಂಬಿಗಸ್ಥ. ಇಮಾಮಸಾಬ ಅದನ್ನು ಹಿಡಿದು ಇದನ್ನು ನೋಡಿದ, ಇದನ್ನು ಹಿಡಿದು ಅದನ್ನು ನೋಡಿದ. ವ್ಯಾಪಾರಿಗೆ ಬೇಸರ ಬಂತೋ ಕರುಣೆ ಬಂತೋ, ಎರಡನ್ನೂ ಒಯ್ದು ತಿಂಗಳೊಪ್ಪತ್ತಿನಲ್ಲಿ ಒಂದನ್ನು ತಿರುಗಿ ತಂದು ಕೊಡು ಎಂದ.

"ಇಬ್ಬರನ್ನೂ ಕರ್ಕೊಂಡ ಬಂದೀರಿ" ಎಂದಳು ಚಮನಬಿ. "ಯಾರನ್ನ ಇಟ್ಕೋತೀರಿ? ದೊಡ್ಡಾಕಿನ್ನೋ, ಸಣ್ಣಾಕಿನ್ನೋ?"

ಅಂದಿನಿಂದ ಆ ಲೆನ್ಸುಗಳ ಹೆಸರು ದೊಡ್ಡಾಕಿ, ಸಣ್ಣಾಕಿ ಎಂದೇ ಆಯಿತು. ಜೋಳ ಹಸನು ಮಾಡುತ್ತ ಕೂತ ಚಮನಬಿಯ ಮೇಲೆಯೇ ಪರೀಕ್ಷೆ ನಡೆಯಿತು. ಸಣ್ಣಾಕಿಯ ಬಾಯಿಯನ್ನು ಒಂದಿಷ್ಟು ಮುಚ್ಚಿ ತೆಗೆದರೆ ಮೊರದೊಳಗಿನ ಕಾಳು ಕಾಳೂ ಎಣಿಸುವಂತೆ ಬರುತ್ತಿದ್ದವು. ದೊಡ್ಡಾಕಿಯನ್ನು ಪೂರ್ತಿ ತೆರೆದರೆ ಚಮನಬಿಯ ಕಣ್ಣು ಮಾತ್ರ ಚೂಪಾಗಿ, ಮೊರ, ಗೋಡೆ, ಕಟ್ಟೆಯ ಮೇಲಿನ ಮೇಕೆ ಎಲ್ಲ ಮಂಜಿನಲ್ಲಿ ಕರಗಿಹೋಗುತ್ತಿದ್ದವು. ಮಂಜು ಚೆಂದವೇ. ಆದರೆ ಮೇಕೆ ಎಲ್ಲಿ ಹೋಯಿತು ಎಂದು ಗಿರಾಕಿ ಕೇಳಿದರೆ ಏನು ಹೇಳುವುದು? ಇಮಾಮಸಾಬನಿಗೆ ಬಗೆಹರಿಯಲಿಲ್ಲ.

ಹೀಗಿರುವಾಗ ನೆಲೋಗಿಯಿಂದ ಕರೆ ಬಂತು. ಊರ ಸಾಹುಕಾರ ಶಾಂತಲಿಂಗಪ್ಪನವರು ತೀರಿಕೊಂಡಿದ್ದರು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಜೀವಮಾನವಿಡೀ ನಂಬಿದ್ದ ಮನುಷ್ಯ. ಎಂಬತ್ತು ದಾಟಿ ಹೋದರು, ಇನ್ನು ಅವರ ಜೊತೆ ವಾದ ಮಾಡುವುದಾದರೂ ಹೇಗೆ? ಮಗ ಮಲ್ಲಣ್ಣ ಬಾಗಿಲಲ್ಲೇ ಇಮಾಮಸಾಬನ ಕೈ ಹಿಡಿದುಕೊಂಡ.

"ಅಪ್ಪನ ಜೋಡಿ ಅವ್ವಂದು ಒಂದೂ ಫೋಟೋ ಇಲ್ರಿ. ಮಣ್ಣು ಮುಗದ ಮ್ಯಾಲ ಆಕಿ ಕುಂಕುಮ ಅಳಸ್ತಾರ, ಬಳಿ ತಗೀತಾರ. ಇದೊಂದೇ ಹೊತ್ತು ಉಳದೈತಿ. ಚಲೋತ್ನ್ಯಾಗ ತೆಗೀರಿ."

ಪಡಸಾಲೆ ಇಕ್ಕಟ್ಟಾಗಿತ್ತು. ಶಾಂತಲಿಂಗಪ್ಪನವರು ಮಾಲೆ ಹಾಕಿಕೊಂಡು ಕೂತಿದ್ದರು. ಹೆಂಡತಿ ಕಸ್ತೂರಿಬಾಯಿ ಹಸಿರು ಬಳೆ, ಕಾಸಗಲದ ಕುಂಕುಮದಲ್ಲಿ ಗಂಡನ ಪಕ್ಕದಲ್ಲಿ, ಒಂದು ಮೊಳ ಹಿಂದೆ ಸರಿದು ಕೂತಿದ್ದಳು. ಆ ಮನೆಯಲ್ಲಿ ಹೆಣ್ಣುಮಕ್ಕಳು ಗಂಡನ ಸಮಕ್ಕೆ ಕೂಡುವುದಿಲ್ಲ. ಇಮಾಮಸಾಬ ದೊಡ್ಡಾಕಿಯನ್ನು ಹಾಕಿ ಬಾಯಿ ಪೂರ್ತಿ ತೆರೆದ. ಫೋಕಸ್ಸನ್ನು ಎಂದಿನಂತೆ ಸತ್ತವರ ವಿಭೂತಿಯ ಪಟ್ಟೆಗಳ ಮೇಲೆ ನಿಲ್ಲಿಸಿದ. ಸಾವಿನ ಮನೆಯ ಫೋಟೋ ಎಂದರೆ ಹಾಗೆಯೇ, ಅಲುಗಾಡದ ಮುಖಕ್ಕೆ ಫೋಕಸ್ಸು. ಹದಿನೈದು ವರ್ಷ ಅವನ ಕೈ ಅದನ್ನೇ ಮಾಡಿತ್ತು. ಫ್ಲ್ಯಾಶ್ ಇದ್ದಾಗ ಲೆನ್ಸಿನ ಬಾಯಿ ಸಣ್ಣದಾಗಿರುತ್ತಿತ್ತು, ಹಿಂದಿನವರೂ ಮುಂದಿನವರೂ ಸಮನಾಗಿ ಬರುತ್ತಿದ್ದರು, ಆ ರೂಢಿಯಿಂದ ಯಾರಿಗೂ ನಷ್ಟವಾಗಿರಲಿಲ್ಲ.

ಕತ್ತಲೆ ಕೋಣೆಯಲ್ಲಿ ಪ್ರಿಂಟಿನ ಮೇಲೆ ಚಿತ್ರ ಮೂಡಿದಾಗ ಇಮಾಮಸಾಬ ಅದನ್ನು ಕೆಂಪು ದೀಪದ ಹತ್ತಿರಕ್ಕೆ ಹಿಡಿದ. ಶಾಂತಲಿಂಗಪ್ಪನವರು ಈಗ ಮಾತಾಡುತ್ತಾರೇನೋ ಎನ್ನುವಂತೆ ಬಂದಿದ್ದರು, ವಿಭೂತಿಯ ಗೆರೆಗೆರೆಯೂ ಕಾಣುತ್ತಿತ್ತು. ಪಕ್ಕದಲ್ಲಿ ಇದ್ದದ್ದು ಒಂದು ಮಬ್ಬು. ಸೆರಗಿನ ಅಂದಾಜು ಸಿಗುತ್ತಿತ್ತು, ಕಣ್ಣು ಮೂಗು ಸಿಗುತ್ತಿರಲಿಲ್ಲ.

"ಈ ಹೆಣ್ಮಗಳ ಮಾರಿ ಎಲ್ಲೈತ್ರಿ?" ಎಂದಳು ಚಮನಬಿ.

"ದೊಡ್ಡಾಕಿ ಕೈ ಕೊಟ್ಟಳು. ನಾಳಿಗೇ ಸೋಲಾಪುರಕ್ಕ ಒಗದ ಬರ್ತೇನಿ."

"ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದಳಂತ. ತೋರ್ಸಿದವ್ರು ಯಾರು? ಆಕಿ ನೀವು ತೋರ್ಸಿದ್ದನ್ನ ನೋಡ್ಯಾಳ."

ಇಮಾಮಸಾಬ ಫೋಟೋ ತಿದ್ದುವ ರಿಟಚಿಂಗ್ ಪೆನ್ಸಿಲ್ ತೆಗೆದುಕೊಂಡು ಆ ಮಬ್ಬಿಗೆ ಕಣ್ಣು ಬರೆಯಲು ಕೂತ. ಮೊಡವೆ ಅಳಿಸಿದ್ದ, ಬಿಳಿಗೂದಲು ಕಪ್ಪು ಮಾಡಿದ್ದ, ಅದೆಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ಆದರೆ ಕಸ್ತೂರಿಬಾಯಿಯ ಕಣ್ಣು ಹೇಗಿದ್ದವು ಎಂಬುದೇ ನೆನಪಾಗಲಿಲ್ಲ. ಅಷ್ಟು ಹೊತ್ತು ಎದುರಿಗೆ ಕೂತಿದ್ದ ಹೆಂಗಸನ್ನು ಅವನು ನೋಡಿಯೇ ಇರಲಿಲ್ಲ. ನಾಚಿಕೆಯಿಂದ ಪೆನ್ಸಿಲ್ ಕೆಳಗಿಟ್ಟ.

ದಿನಕರ್ಮಗಳೆಲ್ಲ ಮುಗಿದ ಮೇಲೆ, ಎರಡೂ ಲೆನ್ಸುಗಳನ್ನು ಚೀಲದಲ್ಲಿ ಹಾಕಿಕೊಂಡು ನೆಲೋಗಿ ಬಸ್ಸು ಹತ್ತಿದ. ಕಸ್ತೂರಿಬಾಯಿ ಬೋಳು ಹಣೆ, ಬರಿಗೈಯಲ್ಲಿ ಹೊರಗೆ ಬಂದಳು. ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇವರು ಚಲೋ ಬಂದಾರ" ಎಂದಳು. ಆಮೇಲೆ ಕೇಳಿದಳು. "ನಾ ಎಲ್ಲಿದೀನಿ, ತಮ್ಮಾ?"

"ತಪ್ಪು ನಂದ್ರೀ, ಯವ್ವಾ" ಎಂದ ಇಮಾಮಸಾಬ. "ಸಾಹುಕಾರ ಮಾರಿ ಒಂದೇ ನೋಡ್ದೆ. ನಿಮ್ಮನ್ನ ನೋಡ್ಲಿಲ್ಲ."

ಕಸ್ತೂರಿಬಾಯಿ ಕೂಗಾಡಲಿಲ್ಲ. "ನೀ ಒಬ್ಬವನೇ ಏನಲ್ಲ ಬಿಡು. ನಾ ಲಗ್ನ ಆದಾಗಿಂದ ಒಂದು ಮೊಳ ಹಿಂದೇ ಕುಂತಾಕಿ" ಎಂದಳು.

"ಈಗ ನಿಮ್ದೊಂದು ತೆಗೀತೇನ್ರಿ. ಕತ್ತರಿಸಿ, ಸಾಹುಕಾರ ಬಾಜೂಕ ಕೂಡಿಸಿ, ಜೋಡಿ ಮಾಡಿ ಕೊಡ್ತೇನಿ. ಯಾರಿಗೂ ಗೊತ್ತಾಗಂಗಿಲ್ಲ."

"ಬ್ಯಾಡ. ಅವರ ಜೋಡಿ ಕುಂತದ್ದು ಆತು. ನನ್ನ ಒಬ್ಬಾಕಿನ್ನೇ ತೆಗಿ." ಅಷ್ಟು ಹೇಳಿ ಒಳಗೆ ಹೋದಳು. ತಿರುಗಿ ಬಂದಾಗ ಹಣೆಯ ಮೇಲೆ ಕಾಸಗಲದ ಕುಂಕುಮವಿತ್ತು.

ಶಾಂತಲಿಂಗಪ್ಪನವರ ತಂಗಿ ಗಂಗಾಬಾಯಿ ಅಡುಗೆಮನೆಯಿಂದ ಎದ್ದು ಬಂದಳು. "ಏನಿದು, ವೈನಿ? ಮಂದಿ ನೋಡಿದ್ರ ಮಾರಿ ಮ್ಯಾಲ ಉಗುಳ್ತಾರ. ಅಣ್ಣ ಹೋಗಿ ಇನ್ನೂ ತಿಂಗಳಾಗಿಲ್ಲ."

"ನಿಮ್ಮಣ್ಣನ್ನ ನೋಡೂಕಿಂತ ಮೊದಲಿಂದ ಹಚ್ಚೀನಿ, ಗಂಗಾ. ತೊಟ್ಟಲದಾಗ ನಮ್ಮವ್ವ ಹಚ್ಚಿದ್ದು ಇದು. ಗಂಡ ಸತ್ತಾಕಿ ಕುಂಕುಮ ಅಳಸ್ರಿ ಅಂತ ಶರಣರು ಹೇಳಿಲ್ಲ, ನಾವು ಮಾಡಾಕತ್ತಿದ್ದು ಬ್ಯಾರೆ."

"ಫೋಟೋಕ್ಕಷ್ಟ ಹೌದಿಲ್ಲೋ?"

ಕಸ್ತೂರಿಬಾಯಿ ಬಾಗಿಲ ಪಕ್ಕ ಕೂತಳು. ಗಂಗಾಬಾಯಿ ಜರುಗಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ಹಿಂದೆ ಕಂಬವಾಗಿ ನಿಂತಳು. ಬಾಗಿಲಲ್ಲಿ ನಿಂತಿದ್ದ ಮಲ್ಲಣ್ಣ ಅವ್ವನನ್ನೂ ಸೋದರತ್ತೆಯನ್ನೂ ನೋಡಿ ಪಕ್ಕಕ್ಕೆ ಸರಿದ. ಇಮಾಮಸಾಬ ಚೀಲದೊಳಗೆ ಕೈ ಹಾಕಿದ. ಮೊದಲು ಕೈಗೆ ಸಿಕ್ಕಿದ್ದು ಸಣ್ಣಾಕಿ. ಒಮ್ಮೆ ಕೆಟ್ಟದ್ದು ಇನ್ನೊಮ್ಮೆ ಕೆಡಬಾರದೆಂದು ಅವನ ಜೀವ ಅದನ್ನೇ ಬೇಡುತ್ತಿತ್ತು. ಅದರ ಬಾಯಿ ಮುಚ್ಚಿ ತೆಗೆದರೆ ಯಾವುದೂ ತಪ್ಪುವುದಿಲ್ಲ. ಕಸ್ತೂರಿಬಾಯಿಯೂ ಬರುತ್ತಾಳೆ, ಕಂಬದಂತೆ ನಿಂತ ಗಂಗಾಬಾಯಿಯ ಸಿಟ್ಟೂ ಅಷ್ಟೇ ಚೂಪಾಗಿ ಬರುತ್ತದೆ. ಅವನು ಅದನ್ನು ಬಿಟ್ಟು ದೊಡ್ಡಾಕಿಯನ್ನು ತೆಗೆದ. ಬಾಯಿ ಪೂರ್ತಿ ತೆರೆದು, ಕಸ್ತೂರಿಬಾಯಿಯ ಕಣ್ಣಿಗೆ ಫೋಕಸ್ಸು ನಿಲ್ಲಿಸಿದ. ಕಂದು ಬಣ್ಣದ ಕಣ್ಣು, ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ. ಹಿಂದೆ ಗಂಗಾಬಾಯಿ ಹೊಗೆಯಾಗಿ ಹೋದಳು. ಉಸಿರು ಹಿಡಿದು ಗುಂಡಿ ಒತ್ತಿದ.

"ಆತು?" ಎಂದಳು ಗಂಗಾಬಾಯಿ. "ಇನ್ನ ಒರಸ್ಕೊ."

ಕಸ್ತೂರಿಬಾಯಿ ಸೆರಗನ್ನು ಮೇಲೆತ್ತಿದಳು. ಕತ್ತಿನ ಬೆವರು ಒರೆಸಿಕೊಂಡಳು, ಸೆರಗು ಬಿಟ್ಟಳು.

"ಚಾ ಕುಡದ ಹೋಗು, ತಮ್ಮಾ" ಎಂದು ಒಳಗೆ ನಡೆದಳು.

ಮರುದಿನ ಸೋಲಾಪುರಕ್ಕೆ ತಿರುಗಿ ಹೋದದ್ದು ಸಣ್ಣಾಕಿ. ಆದರೆ ಅದು ಮರುದಿನದ ಮಾತು. ಅಂದು ಇಮಾಮಸಾಬ ಪಡಸಾಲೆಯಲ್ಲಿ ಕಾದು ಕೂತ. ಕಸ್ತೂರಿಬಾಯಿ ಎರಡು ಕಪ್ಪು ಚಹಾ ಹಿಡಿದು ಬಂದಳು. ಒಂದನ್ನು ಅವನಿಗೆ ಕೊಟ್ಟಳು, ಇನ್ನೊಂದನ್ನು ಗಂಗಾಬಾಯಿಯ ಮುಂದೆ ಹಿಡಿದಳು. ಕುಂಕುಮ ಹಣೆಯ ಮೇಲೆ ಹಾಗೇ ಇತ್ತು. ಗಂಗಾಬಾಯಿ ಬಹಳ ಹೊತ್ತು ಅದನ್ನೇ ನೋಡಿ, ಕಡೆಗೆ ಕೈ ಚಾಚಿ ಕಪ್ಪು ತೆಗೆದುಕೊಂಡಳು.