ಸೋಮವಾರದ ಕೆಮ್ಮು

೧೯೫೩ರಲ್ಲಿ ನಾನು ಚಾಮರಾಜಪೇಟೆಯ ಒಂದು ಗ್ಯಾರೇಜಿನಲ್ಲಿ ಕಿರಿಯ ಮೆಕ್ಯಾನಿಕ್ ಆಗಿದ್ದೆ. ಡಿಪ್ಲೊಮಾ ಮುಗಿಸಿ ಬಂದವನಾದರೂ ಅಲ್ಲಿ ನನ್ನ ಹೆಸರು ಹಬ್ಬಿದ್ದು ಕೈಯಿಂದಲ್ಲ, ಬಾಯಿಂದ. ಚರ್ಚಾಸ್ಪರ್ಧೆಗಳಲ್ಲಿ ಎದುರು ಪಕ್ಷವನ್ನು ಕೆಡವಿ ಅಭ್ಯಾಸವಾದವನಿಗೆ ಗಿರಾಕಿಯ ಮಾತನ್ನು ಹಾಗೇ ನಂಬಲು ಬರುತ್ತಿರಲಿಲ್ಲ. "ಗಾಡಿ ಎಳೀತಿಲ್ಲ" ಅಂದರೆ, ಏರಿನಲ್ಲೋ ಸಮದಲ್ಲೋ, ಬಿಸಿಯಾದಾಗಲೋ ತಣ್ಣಗಿದ್ದಾಗಲೋ ಎಂದು ಅಡ್ಡ ಸವಾಲು ಹಾಕುತ್ತಿದ್ದೆ. ಈ ಕೆಲಸಕ್ಕೆ ಅದು ಒಳ್ಳೆಯ ಗುಣವೆಂದು ಇವತ್ತೂ ವಾದಿಸಬಲ್ಲೆ.

ಶಿವಣ್ಣನವರು ಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದವರು. ಮನೆ ನಮ್ಮ ಗ್ಯಾರೇಜಿನ ಹಿಂದಿನ ಬೀದಿಯಲ್ಲೇ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಪಿಕಪ್ ಒಂದು ಅವರಲ್ಲಿತ್ತು. ಆರು ಸಿಲಿಂಡರಿನ ಇಂಜಿನ್. ಅದನ್ನು ಹರಾಜಿನಲ್ಲಿ ಹಿಡಿದು ತಂದು, ತಾನೇ ಓಡಿಸುತ್ತಿದ್ದವನು ಅವರ ಅಣ್ಣ ಮಲ್ಲಣ್ಣ. ಅವನು ಹಿಂದಿನ ವರ್ಷ ಕ್ಷಯದಿಂದ ತೀರಿಕೊಂಡಿದ್ದ.

"ಸೋಮವಾರ ಮಾತ್ರ ಕೆಮ್ಮುತ್ತೆ," ಅಂದರು ಶಿವಣ್ಣ.

"ಸೋಮವಾರ ಅಂತ ಇಂಜಿನ್ನಿಗೆ ಹೇಗೆ ಗೊತ್ತಾಗುತ್ತೆ ಸ್ವಾಮಿ? ಕ್ಯಾಲೆಂಡರ್ ನೋಡುತ್ತಾ?"

ಅವರು ನಗಲಿಲ್ಲ. "ನಮ್ಮಣ್ಣ ಹೋಗಿದ್ದು ಸೋಮವಾರ."

ಕೆಮ್ಮು ಎಂದರೆ ನಮ್ಮ ಭಾಷೆಯಲ್ಲಿ ಮಿಸ್‌ಫೈರ್. ಆರೂ ಸಿಲಿಂಡರುಗಳಲ್ಲಿ ಸರದಿಯ ಪ್ರಕಾರ ಕಿಡಿ ಹಾರಿ ಪೆಟ್ರೋಲ್ ಉರಿಯಬೇಕು. ಒಂದೆರಡು ಸರದಿ ತಪ್ಪಿದರೆ ಇಂಜಿನ್ ನಡುಗುತ್ತದೆ, ಮುಗ್ಗರಿಸುತ್ತದೆ. ಕಾರಣ ಹಲವಿರಬಹುದು. ಆದರೆ ಕಾರಣಕ್ಕೆ ವಾರದ ಲೆಕ್ಕ ಇರುವುದಿಲ್ಲ ಎಂಬುದು ನನ್ನ ನಿಲುವು.

ಗಾಡಿಯನ್ನು ಮಂಗಳವಾರ ಬಿಟ್ಟುಹೋದರು. ಏನೂ ಸಿಗಲಿಲ್ಲ. ಆದರೂ ಕಿಡಿ ಹಾರಿಸುವ ಪ್ಲಗ್ಗುಗಳನ್ನು ತೊಳೆದೆ, ಪಾಯಿಂಟ್ ಸರಿಮಾಡಿದೆ, ಕಂಡೆನ್ಸರ್ ಬದಲಿಸಿದೆ, ಪೆಟ್ರೋಲಿನಲ್ಲಿ ನೀರು ಸೇರಿದೆಯೇ ಎಂದು ನೋಡಿದೆ. ಸೋಮವಾರ ಮತ್ತೆ ಕೆಮ್ಮಿತು. ಓಡಿಸಿಕೊಂಡು ಬನ್ನಿ ಎಂದು ಹೇಳಿಕಳಿಸಿದರೆ, ಮಂಡಿಗೆ ಹೋಗಿ ಒಂದು ಸುತ್ತು ಹೊಡೆದು ನಮ್ಮಲ್ಲಿಗೆ ಬರುವಷ್ಟರಲ್ಲಿ ಗಡಿಯಾರದ ಹಾಗೆ ನಡೆಯುತ್ತಿತ್ತು. ಕಾಯಿಲ್ ಬದಲಿಸಿದೆ. ಮತ್ತೆ ಸೋಮವಾರ ಬಂತು, ಮತ್ತೆ ಅದೇ.

ಮಲ್ಲಣ್ಣ ಹೋದಮೇಲೆ ಗಾಡಿಗೆಂದು ಇಟ್ಟುಕೊಂಡಿದ್ದ ಡ್ರೈವರ್ ಕೆಲಸ ಬಿಟ್ಟ. ಗ್ಯಾರೇಜಿಗೇ ಬಂದು ಹೇಳಿಹೋದ: "ಆ ಸೀಟಲ್ಲಿ ನಾನೊಬ್ನೇ ಕೂತಿರ್ತೀನಿ ಅಂತ ಅನ್ಸಲ್ಲ ಗುರು. ನೀವು ಓದ್ದೋರು, ನಗಿ ಬೇಕಾದ್ರೆ."

ಅವನ ಹಿಂದೆಯೇ ಶಿವಣ್ಣ ಬಂದರು. ಬೆಂಚಿನ ಮೇಲೆ ಕೂತರು. "ಅಮ್ಮ ಅದರಲ್ಲಿ ಅಣ್ಣ ಇದಾನೆ ಅಂತಾರೆ. ಆಸ್ಪತ್ರೆಗೆ ಅದೇ ಗಾಡೀಲಿ ಕರ್ಕೊಂಡು ಹೋಗಿದ್ವಿ, ದಾರಿ ಉದ್ದಕ್ಕೂ ಕೆಮ್ತಿದ್ದ. ಅದೇ ಕೆಮ್ಮು ಇದು. ನನಗೂ ಹಾಗೇ ಕೇಳ್ಸುತ್ತೆ. ಅವನಲ್ಲ ಅಂತ ನೀವು ತೋರಿಸ್ಬಿಡಿ. ಆಗಲ್ಲ ಅಂದ್ರೆ ಈ ಸೋಮವಾರ ಸಂಜೆ ಗುಜರಿಯವನು ಬರ್ತಾನೆ, ಕೊಟ್ಬಿಡ್ತೀನಿ. ಅಮ್ಮ ಅತ್ತರೂ ಸರಿ. ನನ್ನ ಕೈಲಿ ಇನ್ನು ಕೇಳೋಕಾಗಲ್ಲ."

ಘಟನೆ ನಡೆಯುವ ಜಾಗ ಬಿಟ್ಟು ಇನ್ನೆಲ್ಲೋ ಸಾಕ್ಷಿ ಹುಡುಕುತ್ತಿದ್ದೇನೆ ಎಂದು ನನಗೆ ಹೊಳೆದದ್ದು ಆಗ. ಆ ಸೋಮವಾರ ಬೆಳಗ್ಗೆ ಅವರ ಮನೆಯ ಪಕ್ಕದ ಶೆಡ್ಡಿನಲ್ಲಿ ಹೋಗಿ ಕೂತೆ.

ಸೋಮವಾರದ ಪೂಜೆ ಮುಗಿಸಿ ಪಾರ್ವತಮ್ಮ ಬಂದರು. ಶಿವಣ್ಣನವರ ತಾಯಿ. ಕೈಯಲ್ಲಿ ನೀರಲ್ಲಿ ಕಲಸಿದ ವಿಭೂತಿಯ ಬಟ್ಟಲು. ನನ್ನನ್ನು ನೋಡಿ, "ಬಂದ್ಯೇನಪ್ಪ, ಕೂತ್ಕೋ," ಎಂದಷ್ಟೇ ಹೇಳಿ, ಬಾನೆಟ್ಟಿನ ಒಂದು ಮಗ್ಗುಲನ್ನು ಎತ್ತಿ, ಒಳಗೆ ಕೈಹಾಕಿ, ಮೂರು ಬೆರಳಲ್ಲಿ ಧಾರಾಳವಾಗಿ ಎಳೆದರು. ಎದ್ದು ನೋಡಿದೆ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಮೇಲೆ, ತಂತಿಗಳ ನಡುವೆ, ಮೂರು ಒದ್ದೆ ಪಟ್ಟೆ.

"ಅಲ್ಲೇ ಯಾಕಮ್ಮ ಹಚ್ತೀರಿ?"

"ಮಲ್ಲಣ್ಣನೇ ತೋರಿಸಿದ್ದ. ಇದೇ ಇದರ ತಲೆ ಕಣಮ್ಮ, ಇಲ್ಲಿಂದ ಹೇಳಿ ಕಳಿಸಿದ್ದನ್ನ ಮಿಕ್ಕಿದ್ದೆಲ್ಲ ಕೇಳುತ್ತೆ ಅಂದಿದ್ದ. ತಲೆ ಬಿಟ್ಟು ಇನ್ನೆಲ್ಲಿಗೆ ಹಚ್ಲಿ?"

"ಅವರಿದ್ದಾಗಲೂ ಹಚ್ತಿದ್ರಾ?"

"ಅವನಿದ್ದಾಗ ಅವನ ಹಣೆಗೆ ಹಚ್ತಿದ್ದೆ."

ಶಿವಣ್ಣ ಸ್ಟಾರ್ಟ್ ಮಾಡಿದರು. ಮೊದಲು ಎರಡು ಒಣ ಕೆಮ್ಮು. ಆಮೇಲೆ ತಡೆದು ತಡೆದು, ಎದೆಯಾಳದಿಂದ ಬಂದ ಹಾಗೆ ಉದ್ದನೆಯದೊಂದು. ಕಾರಣ ಕಣ್ಣೆದುರೇ ಇದ್ದರೂ ನನ್ನ ಕೈಯ ರೋಮ ನಿಂತಿತ್ತು. ಶಿವಣ್ಣ ಸ್ಟೀರಿಂಗಿನ ಮೇಲೆ ತಲೆ ಬಗ್ಗಿಸಿದ್ದರು. ಪಾರ್ವತಮ್ಮ ಕಿವಿಗೊಟ್ಟು ನಿಂತಿದ್ದರು, ರೋಗಿಯ ಹಾಸಿಗೆಯ ಪಕ್ಕ ನಿಲ್ಲುವವರ ಹಾಗೆ.

ಇಂಜಿನ್ ನಿಲ್ಲಿಸಲು ಹೇಳಿ ವಿವರಿಸಿದೆ. ಆ ಮುಚ್ಚಳ ಪ್ರತಿ ಪ್ಲಗ್ಗಿಗೂ ಅದರ ಸರದಿಯ ಕರೆಂಟು ಹಂಚುತ್ತದೆ. ಒದ್ದೆ ಬೂದಿಯ ಮೇಲೆ ಕರೆಂಟು ಹರಿದು ಒಂದರ ಪಾಲು ಇನ್ನೊಂದಕ್ಕೆ ಹೋಗುತ್ತದೆ, ಸರದಿ ತಪ್ಪುತ್ತದೆ. ಇಂಜಿನ್ ಕಾದು ಬೂದಿ ಒಣಗಿದರೆ ಕೆಮ್ಮು ನಿಲ್ಲುತ್ತದೆ. ಗ್ಯಾರೇಜಿಗೆ ಬರುವಾಗ ಉಳಿದಿದ್ದುದು ಧೂಳಿನಂಥ ಬಿಳುಪು ಮಾತ್ರ. ಅದನ್ನು ನಾವೇ ಬಟ್ಟೆಯಲ್ಲಿ ಒರೆಸಿ ಹಾಕಿ, ಆಮೇಲೆ ದೋಷ ಹುಡುಕುತ್ತಿದ್ದೆವು.

ಮಾತು ಸಾಲದೆಂದು ಮಾಡಿ ತೋರಿಸಿದೆ. ಒರೆಸಿದೆ, ಇಂಜಿನ್ ನುಣ್ಣಗೆ ನಡೆಯಿತು. ಬಟ್ಟಲಿನಿಂದ ತೆಗೆದು ಹಚ್ಚಿದೆ; ಕೆಮ್ಮಿತು. ಮತ್ತೆ ಒರೆಸಿದೆ, ಕೆಮ್ಮು ನಿಂತಿತು. ಯಾವ ಸಭೆಯಲ್ಲೂ ಇಷ್ಟು ಪೂರ್ತಿಯಾಗಿ ವಾದ ಗೆದ್ದವನಲ್ಲ ನಾನು. ಶಿವಣ್ಣ ಕೆಳಗಿಳಿದು ಗೋಡೆಗೊರಗಿ ಮುಖ ಒರೆಸಿಕೊಂಡರು. "ಇಷ್ಟೇನಾ," ಅಂದರು.

ಪಾರ್ವತಮ್ಮ ಮುಚ್ಚಳವನ್ನೇ ನೋಡುತ್ತಿದ್ದರು. "ಅಂದ್ರೆ ಇದನ್ನ ಹಚ್ಚದಿದ್ರೆ ಅವನು ಕೆಮ್ಮಲ್ಲ."

"ಅವರು ಅಲ್ಲವೇ ಅಲ್ಲಮ್ಮ. ಇಂಜಿನ್ನು."

"ಹ್ಞೂಂ. ಹಚ್ಚಿದ್ರೆ ಕೆಮ್ಮುತ್ತೆ."

"ಹೌದು. ಡ್ಯಾಶ್‌ಬೋರ್ಡಿಗೆ ಹಚ್ಚಿ, ಏನೂ ಆಗಲ್ಲ."

ಗುಜರಿಯವನನ್ನು ವಾಪಸು ಕಳಿಸಿದರು. ಹೊಸ ಡ್ರೈವರ್ ಬಂದ. ನನ್ನ ಪ್ರಕಾರ ಕೇಸು ಅಲ್ಲಿಗೆ ಮುಗಿಯಿತು.

ಮುಂದಿನ ಸೋಮವಾರ ಗ್ಯಾರೇಜಿನ ಬಾಗಿಲು ತೆರೆಯುತ್ತಿದ್ದಾಗ ಹಿಂದಿನ ಬೀದಿಯಿಂದ ಅದೇ ಕೆಮ್ಮು ಕೇಳಿಸಿತು. ಎರಡು ಒಣ, ಒಂದು ಉದ್ದ. ಓಡಿದೆ. ಶೆಡ್ಡಿನ ಹೊರಗೆ ಶಿವಣ್ಣ ನಿಂತಿದ್ದರು. ಒಳಗೆ ಹೋಗಬೇಡಿ ಎಂಬಂತೆ ಕೈ ಅಡ್ಡ ಹಿಡಿದರು.

"ಅಮ್ಮನೇ ಹಚ್ಚಿದ್ದು. ಬೇಡಮ್ಮ ಅಂದೆ. ವಾರಕ್ಕೊಂದ್ಸಲ ಕೇಳ್ತೀನಿ, ಅಷ್ಟಕ್ಕೂ ಅಡ್ಡ ಬರ್ತೀಯಾ ಅಂದ್ರು."

ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಪಾರ್ವತಮ್ಮ ಇಂಜಿನ್ನಿನ ಹತ್ತಿರ ತಲೆ ಬಾಗಿಸಿ ಕೇಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ತಾವೇ ಡ್ರೈವರಿಗೆ ನಿಲ್ಲಿಸು ಎಂದು ಸನ್ನೆ ಮಾಡಿ, ಸೆರಗಿನಿಂದ ಆ ಮುಚ್ಚಳವನ್ನು ನಾನು ತೋರಿಸಿದ ಹಾಗೆಯೇ, ತಂತಿಗಳ ಬುಡದವರೆಗೆ ಒಣಗಿಸಿ ಒರೆಸಿದರು. "ಹೂಂ, ಇನ್ನು ಹೊರಡಪ್ಪ," ಅಂದರು. ಗಾಡಿ ಒಮ್ಮೆಯೂ ಕೆಮ್ಮದೆ ಮಂಡಿಯ ಕಡೆ ಹೋಯಿತು.

"ಹೀಗೇ ಮಾಡಿದ್ರೆ ಮುಚ್ಚಳ ಸುಟ್ಟು ಗೆರೆ ಬೀಳುತ್ತೆ ಶಿವಣ್ಣನವರೇ."

"ಬೀಳ್ಲಿ. ಒಂದು ಸ್ಪೇರ್ ತಂದಿಟ್ಟಿದೀನಿ."

ಗಿರಾಕಿ ಏನನ್ನು ಸರಿಮಾಡಿಸಲು ಬಂದಿದ್ದಾನೆ, ಏನು ಹಾಗೇ ಉಳಿಯಲಿ ಎನ್ನುತ್ತಾನೆ ಎಂದು ಬೇರೆ ಬೇರೆಯಾಗಿ ಕೇಳುವುದನ್ನು ನಾನು ಆ ಶೆಡ್ಡಿನ ಬಾಗಿಲಲ್ಲಿ ಕಲಿತೆ. ಎರಡನೆಯ ಪ್ರಶ್ನೆ ಯಾವ ಕೈಪಿಡಿಯಲ್ಲೂ ಇಲ್ಲ.

ಇದಾಗಿ ಐದು ವರ್ಷವಾಯಿತು. ಗ್ಯಾರೇಜು ಅಲ್ಲೇ ಇದೆ, ನಾನೂ ಅಲ್ಲೇ ಇದ್ದೇನೆ. ಸೋಮವಾರ ಬೆಳಗ್ಗೆ ಇವತ್ತಿಗೂ ಅದು ಕೇಳಿಸುತ್ತದೆ. ಒದ್ದೆ ಬೂದಿ, ಮುಚ್ಚಳ, ತಪ್ಪಿದ ಸರದಿ. ಕಾರಣ ನನ್ನಷ್ಟು ಚೆನ್ನಾಗಿ ಗೊತ್ತಿರುವವರು ಈ ಪೇಟೆಯಲ್ಲಿಲ್ಲ. ಆದರೂ ಕೈಯಲ್ಲಿರುವ ಸ್ಪ್ಯಾನರ್ ಕೆಳಗಿಟ್ಟು, ಅವರು ಸೆರಗಿನಿಂದ ಒರೆಸಿ ಮುಗಿಸುವವರೆಗೆ, ಸುಮ್ಮನೆ ನಿಲ್ಲುತ್ತೇನೆ.